ಕೇಬಲ್ ಸಾಲದೆ ನಾನು ಸಿಕ್ಕಾಕ್ಕೊಂಡಿದ್ದು

ನಿಮ್ಮಲ್ಲಿ ಯಾರಾದ್ರೂ ಕಂಪ್ಯೂಟರಿಗೂ ಗೋಡೆಗೂ ಮಧ್ಯ ಸಿಕ್ಕಾಕ್ಕೊಂಡಿದೀರಾ? ಇಲ್ಲ ತಾನೇ? ನಿಮ್ಮ ಕಂಪ್ಯೂಟರು ತೊಡೆ ಮೇಲೆ ಕೂರುತ್ತೆ, ಇನ್ನೆಲ್ಲಿ ಸಿಕ್ಕಾಕ್ಕೋತೀರಾ. ನಾನು ಸಿಕ್ಕಾಕ್ಕೊಂಡಿದ್ದೆ. ಅರವತ್ತೆಂಟನೇ ಇಸವಿ, ದಸರಾ ಟೈಮು. ರೇಷ್ಮೆ ಸೀರೆ ಉಟ್ಕೊಂಡು, ತಲೆ ತುಂಬ ಹೂ ಮುಡ್ಕೊಂಡು, ಕೈಯಲ್ಲಿ ಕೋಸಂಬರಿ ಚಮಚ ಹಿಡ್ಕೊಂಡು.

ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ನೆನಪಾಯ್ತು ಅಂದ್ರೆ, ಹೋದ ವಾರ ನನ್ನ ಮೊಮ್ಮಗಳು ಒಂದು ಉದ್ದನೆ ಕೇಬಲ್ ತಂದಿದ್ಲು. ಹಾರ್ಡ್ ಡಿಸ್ಕು ಟೀವಿ ಪಕ್ಕ ಇರ್ಬೇಕಂತೆ, ಇವಳು ಸೋಫಾ ಮೇಲೆ ಕಾಲು ಚಾಚಿ ಕೂತು ಲ್ಯಾಪ್‌ಟಾಪಿಂದ ಫೋಟೋ ಕಳಿಸ್ಬೇಕಂತೆ. ಫೋಟೋ ಅರ್ಧಕ್ಕೆ ನಿಲ್ಲುತ್ತೆ, ಇವಳು ಬೈತಾಳೆ. ಗಿಡ್ಡ ಕೇಬಲ್ ಹಾಕಿ ನೋಡೇ ಅಂದೆ. ಹಾಕಿದ್ಲು, ಸರ್ರಂತ ಹೋಯ್ತು. ನಿಂಗ್ ಹೆಂಗ್ ಗೊತ್ತಜ್ಜಿ ಅಂತ ಬಾಯಿ ಬಿಟ್ಕೊಂಡು ನೋಡಿದ್ಲು. ಕಥೆ ಹೇಳ್ದೆ. ಇದನ್ನ ಬರೀಲೇಬೇಕು ಅಂತ ಫೋನಲ್ಲಿ ಕನ್ನಡ ಟೈಪ್ ಮಾಡೋದು ಅವಳೇ ಹೇಳ್ಕೊಟ್ಲು. ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ರೆ ಅದು ಫೋನಿನ ತಪ್ಪು, ನಂದಲ್ಲ.

ನಮ್ಮದು ಯಲಹಂಕ. ಹಳೇ ಊರಿನವರು ನಾವು, ಕೆರೆ ಹಿಂದುಗಡೆ ಅಪ್ಪ ಸೇವಂತಿಗೆ ಬೆಳೀತಿದ್ರು. ನಾನು ಎಸ್ಸೆಸ್ಸೆಲ್ಸಿ ಪಾಸ್ ಮಾಡಿ, ಯಶವಂತಪುರದಲ್ಲಿ ಟೈಪಿಂಗ್ ಕಲ್ತು, ಜಾಲಹಳ್ಳಿ ಕಡೆ ಒಂದು ದೊಡ್ಡ ಕಾರ್ಖಾನೇಲಿ ಪಂಚ್ ರೂಮಿಗೆ ಸೇರ್ಕೊಂಡಿದ್ದೆ. ಪಂಚ್ ರೂಮ್ ಅಂದ್ರೆ, ಆಗಿನ ಕಂಪ್ಯೂಟರಿಗೆ ಯಾವ ವಿಷಯ ಹೇಳ್ಬೇಕಾದ್ರೂ ರಟ್ಟಿನ ಕಾರ್ಡಲ್ಲಿ ತೂತು ಹೊಡೆದು ಹೇಳ್ಬೇಕಿತ್ತು. ಆ ತೂತು ಹೊಡೆಯೋರು ನಾವು, ಒಂದು ಡಜನ್ ಹುಡುಗೀರು. ನಮ್ಮ ಮೇಲೆ ಫಿಲೋಮಿನಾ ಮಿಸ್ ಅಂತ ಸೂಪರ್ವೈಸರ್. ಮಿಸ್ ಕನ್ನಡ, ಇಂಗ್ಲಿಷ್, ಕೊಂಕಣಿ ಮೂರರಲ್ಲೂ ಬೈತಿದ್ರು. ಕೊಂಕಣೀಲಿ ಬೈದ್ರೆ ಮಾತ್ರ ನಿಜವಾಗ್ಲೂ ಕೋಪ ಬಂದಿದೆ ಅಂತ ಲೆಕ್ಕ.

ಕಂಪ್ಯೂಟರ್ ಬಂದು ಆಗ ಕೆಲವೇ ತಿಂಗಳಾಗಿತ್ತು. ಅದಕ್ಕೊಂದು ತಣ್ಣಗಿಟ್ಟ ದೊಡ್ಡ ಹಾಲ್ ರೂಮು, ಚಪ್ಪಲಿ ಬಿಟ್ಟೇ ಒಳಗೆ ಹೋಗ್ಬೇಕು. ಮಧ್ಯದಲ್ಲಿ ಮುಖ್ಯ ಮಷೀನು. ದೂರದ ಮೂಲೇಲಿ ನಮ್ಮನೆ ಬಟ್ಟೆ ಬೀರುಗಿಂತ ಎತ್ತರದ ಇನ್ನೊಂದು ಪೆಟ್ಟಿಗೆ, ಅದರ ಗಾಜಿನ ಹಿಂದೆ ದೋಸೆ ಕಾವಲಿಯಷ್ಟು ದೊಡ್ಡ ಎರಡು ಚಕ್ರ, ಆ ಚಕ್ರಕ್ಕೆ ಸುತ್ತಿದ ಕಂದು ಬಣ್ಣದ ಟೇಪು. ಕಾರ್ಖಾನೆ ಕೆಲಸಗಾರರ ಹೆಸರು, ಹಾಜರಿ ಎಲ್ಲಾ ಆ ಟೇಪಲ್ಲೇ ಇರ್ತಿತ್ತು. ನಿಮ್ಮ ಹಾರ್ಡ್ ಡಿಸ್ಕಿಗೆ ಮುತ್ತಜ್ಜಿ ಅನ್ನಿ. ನಾವೆಲ್ಲ ಅದಕ್ಕೆ ಟೇಪ್ ಬೀರು ಅಂತಿದ್ವಿ. ಬೀರುವಿಂದ ಮಷೀನಿಗೆ ನೆಲದಡಿ ಒಂದು ಕೇಬಲ್, ನನ್ನ ಮುಂಗೈ ದಪ್ಪ. ಮೂಲೇಲಿದ್ದ ತೂತಿಂದ ಮೇಲೆ ಬಂದು ಬೀರುವಿನ ಬೆನ್ನಿಗೆ ಸರಿಯಾಗಿ ಮುಟ್ಟೋ ಅಷ್ಟೇ ಇತ್ತು, ಒಂದಿಂಚು ಜಾಸ್ತಿ ಇರ್ಲಿಲ್ಲ. ಫಾರಿನ್ ಇಂಜಿನಿಯರ್ ಬಂದು ಜೋಡಿಸಿಕೊಟ್ಟು ಹೋಗಿದ್ದ. ಆಮೇಲೆ ನೋಡ್ಕೊಳ್ಳೋರು ನಮ್ಮ ಶ್ರೀಕಂಠಯ್ಯನವರು. ಒಳ್ಳೇ ಇಂಜಿನಿಯರು, ಒಳ್ಳೇ ದೇಹ, ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರದ ಮನುಷ್ಯ.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ಇನ್ಯಾವುದೋ ಊರಿನ ಕಾರ್ಖಾನೆಯವರು ಈ ಕಂಪ್ಯೂಟರ್ ನಮಗೆ ಕೊಡಿ, ಬೆಂಗಳೂರಿನವರಿಗೆ ನಡೆಸೋಕೆ ಬರಲ್ಲ ಅಂತ ಡೆಲ್ಲೀಲಿ ಚಾಡಿ ಹೇಳಿದ್ರಂತೆ. ಅದಕ್ಕೆ ಡೆಲ್ಲಿಯಿಂದ ದೊಡ್ಡ ಸಾಹೇಬರು ಬಂದು, ಓಡ್ತಿದೆಯಾ, ಎಷ್ಟು ಜೋರಾಗಿ ಓಡ್ತಿದೆ ಅಂತ ಕಣ್ಣಾರೆ ನೋಡಿ ತೀರ್ಮಾನ ಮಾಡ್ತಾರಂತೆ. ಮಷೀನ್ ಹೋದ್ರೆ ಪಂಚ್ ರೂಮೂ ಹೋಯ್ತು. ನಾವೆಲ್ಲ ಟೆಂಪರರಿ, ಮನೆಗೆ. ನನಗಂತೂ ಮನೇಲಿ ಸೋದರಮಾವ ದೊಡ್ಡಬಳ್ಳಾಪುರದ ಗಂಡು ಹಿಡ್ಕೊಂಡು ಕಾಯ್ತಾ ಕೂತಿದ್ರು. ಗಂಡಿನ ತಾಯಿ ಕೆಲಸಕ್ಕೆ ಹೋಗೋ ಹುಡುಗಿ ಬೇಡ ಅಂದಿದ್ರಂತೆ. ಅಪ್ಪ ಮಾತ್ರ, ‘ಕೆಲ್ಸ ಇರೋಗಂಟ ಓಗ್ಲಿ, ಅದು ಓದ್ಮೇಲೆ ನೋಡಾನ’ ಅಂದಿದ್ರು. ಅಂದ್ರೆ ನನ್ನ ಹಣೆಬರಹ ಆ ಟೇಪ್ ಬೀರು ಕೈಯಲ್ಲಿತ್ತು. ಗಂಡಿನ ಫೋಟೋ ನೋಡಿದ್ದೆ. ಬೀರುವೇ ವಾಸಿ ಅನ್ನಿಸಿತ್ತು.

ಸಾಹೇಬರು ಬರೋ ದಿನವೂ ಎಂಥದ್ದು ಅಂತೀರಿ, ನಮ್ಮ ಕಾರ್ಖಾನೆ ಆಯುಧಪೂಜೆ ದಿನ. ಹಬ್ಬಕ್ಕೆ ರಜಾ ಅಲ್ವಾ, ಅದಕ್ಕೆ ಹಿಂದಿನ ದಿನವೇ ಪೂಜೆ ಮುಗಿಸೋರು. ಕಂಪ್ಯೂಟರಿಗೆ ಅದೇ ಮೊದಲನೇ ಆಯುಧಪೂಜೆ. ನಾನು ಬೆಳಗಾಗೆದ್ದು ತೋಟದಿಂದ ಒಂದು ಬುಟ್ಟಿ ಸೇವಂತಿಗೆ ಕಿತ್ತು ಕಾರ್ಖಾನೆ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ಎಲ್ಲ ಮಷೀನಿಗೂ ಹಾರ ಹಾಕಿದ್ವಿ, ಅರಿಸಿನ ಕುಂಕುಮ ಇಟ್ವಿ. ಟೇಪ್ ಬೀರುಗೆ ಸ್ವಲ್ಪ ದೊಡ್ಡದಾಗೇ ಕುಂಕುಮ ಇಟ್ಟೆ, ನನ್ನ ಸ್ವಾರ್ಥ ಇತ್ತಲ್ಲ. ಶ್ರೀಕಂಠಯ್ಯನವರು ಒಂದು ಸಲ ಓಡಿಸಿ ನೋಡಿದ್ರು. ಚಕ್ರ ತಿರುಗ್ತು, ಪ್ರಿಂಟರು ಪಟಪಟ ಅಂತ ಹೆಸರು ಹೊಡೀತು. ಎಲ್ಲ ಸರಿಯಾಗಿತ್ತು.

ಆಗ ಭಟ್ಟರು ಬಂದ್ರು. ನಮ್ಮ ಕ್ಯಾಂಟೀನಿನ ಅಡಿಗೆ ಭಟ್ಟರು. ವರ್ಷವೆಲ್ಲ ಉಪ್ಪಿಟ್ಟು ಮಾಡೋರು, ಆಯುಧಪೂಜೆ ದಿನ ಒಂದು ಶಲ್ಯ ಹೊದ್ಕೊಂಡ್ರೆ ಪುರೋಹಿತರು. ಹಾಲೆಲ್ಲ ಒಂದು ಸುತ್ತು ನೋಡಿ, ಬೀರು ಮುಂದೆ ನಿಂತು ತಲೆ ಅಲ್ಲಾಡಿಸಿದ್ರು. ಮೂಲೆಗೆ ಒತ್ತಿ ಇಟ್ಟಿದೀರಿ, ಪ್ರದಕ್ಷಿಣೆ ಬರೋಕೆ ದಾರೀನೇ ಇಲ್ಲ, ಅಷ್ಟು ದೊಡ್ಡೋರು ಬರ್ತಾರೆ, ಪ್ರದಕ್ಷಿಣೆ ಇಲ್ಲದ ಪೂಜೆ ಅರ್ಧ ಪೂಜೆ ಅಂದ್ರು. ಕೇಬಲ್ ಸಾಲಲ್ಲ ಭಟ್ರೇ ಅಂತ ಶ್ರೀಕಂಠಯ್ಯನವರು ಹೇಳಿದ್ರು. ಅದಕ್ಕೆ ಭಟ್ಟರು ಏನಂದ್ರು ಗೊತ್ತಾ.

‘ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟು ತಂತೀಲೇ ಬರ್ತಾ ಇದೆ. ಈ ಮೂಲೆಯಿಂದ ನಾಲ್ಕು ಹೆಜ್ಜೆ ಈಚೆಗೆ ಬರಲ್ವೇ?’

ಎಂಥಾ ಮಾತು ನೋಡಿ. ನಮಗೆಲ್ಲ ಹೌದಲ್ಲ ಅನ್ನಿಸ್ತು. ಶ್ರೀಕಂಠಯ್ಯನವರಿಗೂ ಅನ್ನಿಸಿರ್ಬೇಕು. ಮುಂದೆ ಬರಬೇಕಿದ್ದ ಎರಡನೇ ಬೀರುಗೆ ಅಂತ ಇನ್ನೊಂದು ಕೇಬಲ್ ಮೊದಲೇ ಬಂದು ಬಿದ್ದಿತ್ತು. ಅದನ್ನ ತಂದು ಹಳೇದರ ತುದಿಗೆ ಜೋಡಿಸಿದ್ರು. ಹಮಾಲರು ಸೇರಿ ಬೀರುನ ಮೂಲೆಯಿಂದ ಹಾಲಿನ ಮಧ್ಯದ ಕಡೆಗೆ ಎಳೆದ್ರು. ಸುತ್ತಲೂ ಒಬ್ರು ಆರಾಮಾಗಿ ಓಡಾಡೋ ಅಷ್ಟು ಜಾಗ ಆಯ್ತು. ಭಟ್ಟರು ತಾವೇ ಒಂದು ಸುತ್ತು ಬಂದು ತೃಪ್ತಿಯಾಗಿ, ಕೋಸಂಬರಿಗೆ ಒಗ್ಗರಣೆ ಹಾಕ್ಬೇಕು ಅಂತ ಹೋದ್ರು. ಹೋಗೋ ಮುಂಚೆ ಸ್ಕ್ರೂಡ್ರೈವರು, ಸ್ಪ್ಯಾನರು, ಕಟಿಂಗ್ ಪ್ಲೇಯರು, ಅಳತೆ ಟೇಪು, ಶ್ರೀಕಂಠಯ್ಯನವರ ಜೇಬಲ್ಲಿದ್ದ ಟೆಸ್ಟರು ಸಮೇತ ಎಲ್ಲಾನೂ ಮಣೆ ಮೇಲಿಟ್ಟು, ಗಂಧ ಹೂವು ಏರಿಸಿ, ವಿಜಯದಶಮಿವರೆಗೂ ಯಾರೂ ಮುಟ್ಟಬಾರದು ಅಂತ ಕಟ್ಟಪ್ಪಣೆ ಮಾಡಿದ್ರು.

ಇನ್ನೊಂದು ಸಲ ಓಡಿಸಿ ನೋಡೋಣ ಅಂತ ಶ್ರೀಕಂಠಯ್ಯನವರು ಗುಂಡಿ ಒತ್ತಿದ್ರು. ಟೇಪು ಚೂರು ಮುಂದಕ್ಕೆ ಹೋಯ್ತು. ನಿಂತ್ಕೊಂಡ್ತು. ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಮಗು ಮಲಗಿಸೋಕೆ ತೊಟ್ಟಿಲು ತೂಗ್ತೀವಲ್ಲ, ಥೇಟ್ ಹಾಗೆ. ಓದಿದ್ದು ಸರಿ ಇಲ್ಲ ಅಂತ ಮಷೀನು ಅದೇ ಜಾಗಾನ ಮತ್ತೆ ಮತ್ತೆ ಓದೋಕೆ ನೋಡೋದಂತೆ ಅದು. ನಾವು ಹುಡುಗೀರು ಕಿಸಕ್ಕಂತ ನಕ್ವಿ. ಆಮೇಲೆ ಕೆಂಪು ದೀಪ ಹತ್ತಿಕೊಂಡು ಬೀರು ಸುಮ್ಮನಾಯ್ತು. ನಗು ಅಲ್ಲಿಗೇ ನಿಂತ್ಹೋಯ್ತು.

ಊಟಕ್ಕೆ ಮುಂಚೆ ಸಾಹೇಬರು ಬರೋರು. ಶ್ರೀಕಂಠಯ್ಯನವರು ಇನ್ನೊಂದು ಟೇಪ್ ಹಾಕಿದ್ರು, ಅದೂ ತೊಟ್ಟಿಲೇ. ಯಾರೋ ಹೂವಿನ ಎಸಳು ಒಳಗೆ ಹೋಗಿದೆ ಅಂದ್ರು, ಇನ್ಯಾರೋ ಕುಂಕುಮದ ಪುಡಿ ಅಂದ್ರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗ್ತು. ಬುಟ್ಟಿ ತಂದೋಳು ನಾನೇ ಅಲ್ವಾ. ಹಾರ ಕಿತ್ತು ಹಾಕಿದ್ವಿ. ಇಷ್ಟು ಹೊತ್ತು ಚೆಂದ ಮಾಡಿದ ಬೀರು ಹಣೇನ ನನ್ನ ಸೆರಗಲ್ಲೇ ಒರೆಸಿದೆ. ಏನೂ ಪ್ರಯೋಜನ ಆಗ್ಲಿಲ್ಲ. ಫಿಲೋಮಿನಾ ಮಿಸ್ ಕೊಂಕಣಿಗೆ ಇಳಿದ್ರು. ಹನ್ನೆರಡು ಹುಡುಗೀರ ಅನ್ನಕ್ಕೆ ನಿನ್ನ ಹೂವು ಕಲ್ಲು ಹಾಕ್ತು ಅಂತ ಕನ್ನಡದಲ್ಲೂ ಹೇಳಿದ್ರು, ನನಗೆ ಅರ್ಥ ಆಗ್ಲಿ ಅಂತ.

ನನಗೆ ಅಳು ಬರ್ಬೇಕಿತ್ತು, ರೇಗಿಹೋಯ್ತು. ಬೆಳಗ್ಗೆ ಕುಂಕುಮ ಇಟ್ಟ ಮೇಲೇ ತಾನೇ ಇದು ಸೊಗಸಾಗಿ ಓಡಿದ್ದು? ಕಾರ್ಡ್ ಓದೋ ಮಷೀನಿಗೂ ಅದೇ ಕೈಯಿಂದ ಅದೇ ಕುಂಕುಮ ಇಟ್ಟಿದೀನಿ, ಅದು ಓಡ್ತಾನೇ ಇದೆ. ಓಡಿದ್ದು ಯಾವಾಗ, ಕೆಟ್ಟಿದ್ದು ಯಾವಾಗ ನೋಡಿ ಅಂತ ಜೋರಾಗೇ ಅಂದೆ. ಜಾಗ ಬಿಟ್ಟು ಎಳೆದ ಮೇಲೆ ಕೆಟ್ಟಿದೆ.

ಶ್ರೀಕಂಠಯ್ಯನವರು ನನ್ನನ್ನೇ ನೋಡಿದ್ರು. ಆಮೇಲೆ ನೆಲದ ಮೇಲೆ ಹಾವಿನ ಥರ ಬಿದ್ದಿದ್ದ ಕೇಬಲ್ ನೋಡಿದ್ರು. ಹಣೆ ಹಣೆ ಚಚ್ಚಿಕೊಂಡ್ರು. ಕೇಬಲ್ ಇಂತಿಷ್ಟೇ ಉದ್ದ ಇರ್ಬೇಕು, ಮೀರಿದ್ರೆ ನಾನು ಜವಾಬ್ದಾರ ಅಲ್ಲ ಅಂತ ಆ ಫಾರಿನ್ ಇಂಜಿನಿಯರ್ ಬೆರಳು ತೋರಿಸಿ ಹೇಳಿ ಹೋಗಿದ್ನಂತೆ.

ನನಗೆ ತಡೀಲಿಲ್ಲ, ಶಿವನಸಮುದ್ರದ ಕರೆಂಟ್ ಬರುತ್ತಲ್ಲ ಸಾರ್, ಇದ್ಯಾಕೆ ಬರಲ್ಲ ಅಂತ ಕೇಳೇಬಿಟ್ಟೆ. ಅವರು ಆ ಗಾಬರೀಲೂ ಹೇಳಿದ್ದನ್ನ ಇವತ್ತಿಗೂ ಮರೆತಿಲ್ಲ.

‘ಕರೆಂಟು ಬಂದ್ರೆ ಸಾಕಮ್ಮ, ಹೆಂಗೆ ಬಂದ್ರೂ ದೀಪ ಹತ್ತುತ್ತೆ. ಇದರೊಳಗೆ ಜಡೆ ಥರ ಹತ್ತಾರು ತಂತಿ ಇದಾವೆ. ಒಂದೊಂದು ಅಕ್ಷರಾನೂ ತುಂಡು ತುಂಡಾಗಿ ಎಲ್ಲ ತಂತೀಲೂ ಒಟ್ಟಿಗೆ ಓಡಿ ಒಟ್ಟಿಗೆ ಮುಟ್ಟಬೇಕು. ಸ್ಕೂಲ್ ಮಕ್ಕಳನ್ನ ಇಲ್ಲಿಂದ ಬಾಗಿಲವರೆಗೆ ಓಡ್ಸು, ಎಲ್ಲಾ ಜೊತೇಲೇ ಇರ್ತಾವೆ. ಹೆಸರಘಟ್ಟದವರೆಗೆ ಓಡ್ಸು, ಒಂದು ಮುಂದೆ, ಒಂದು ಹಿಂದೆ, ಒಂದು ದಾರೀಲೇ ಕೂತ್ಬಿಡುತ್ತೆ.’

ಹಂಗಾದ್ರೆ ನಿಧಾನಕ್ಕೆ ಓಡಿಸಿದ್ರಾಯ್ತಲ್ಲ ಅಂದೆ. ನಿಧಾನಕ್ಕೆ ಕಳಿಸಿದ್ರೆ ದೂರ ಹೋಗಬಹುದಿತ್ತೋ ಏನೋ, ಆದ್ರೆ ಟೇಪನ್ನೇ ಹೊಸದಾಗಿ ಬರೀಬೇಕು, ಮೇಲಾಗಿ ಸಾಹೇಬರು ಬರ್ತಿರೋದೇ ವೇಗ ನೋಡೋಕೆ ಅಂದ್ರು. ಉಳಿದಿದ್ದು ಒಂದೇ ದಾರಿ. ಎರಡನೇ ಕೇಬಲ್ ಕಿತ್ತು, ಬೀರುನ ವಾಪಸ್ ಮೂಲೆಗೆ ತಳ್ಳಬೇಕು.

ಕೇಬಲ್ ಕೀಳೋಕೆ ಸ್ಕ್ರೂಡ್ರೈವರ್ ಬೇಕಲ್ಲ. ಅದು ಮಣೆ ಮೇಲೆ ಗಂಧ ಹಚ್ಕೊಂಡು ಮಲಗಿತ್ತು. ಹಮಾಲರು ಒಬ್ಬರ ಮುಖ ಒಬ್ಬರು ನೋಡಿದ್ರು. ಶ್ರೀಕಂಠಯ್ಯನವರು ಎರಡು ಹೆಜ್ಜೆ ಮಣೆ ಕಡೆ ಹೋಗಿ, ಕೈ ಚಾಚಿ, ಕೈ ಮುಗಿದು ವಾಪಸ್ ಬಂದ್ರು. ಕಾರ್ಖಾನೆ ಪೂರ್ತಿ ಇದೇ ಕಥೆ. ಅಷ್ಟು ದೊಡ್ಡ ಕಾರ್ಖಾನೇಲಿ ಅವತ್ತು ಮುಟ್ಟಬಹುದಾದ ಒಂದು ಸ್ಕ್ರೂಡ್ರೈವರ್ ಇರ್ಲಿಲ್ಲ. ಮಿಸ್ ಶಿಲುಬೆ ಗುರುತು ಮಾಡ್ಕೊಂಡು ನಾನು ಮುಟ್ತೀನಿ ಬಿಡಿ, ನನಗೆ ದೋಷ ಇಲ್ಲ ಅಂತ ಮುಂದೆ ಬಂದ್ರು. ಅದಕ್ಕೂ ಯಾರೂ ಒಪ್ಪಲಿಲ್ಲ.

ಅಷ್ಟರಲ್ಲಿ ಭಟ್ಟರು ಕೋಸಂಬರಿ ಪಾತ್ರೆ ಹೊತ್ಕೊಂಡು ಬಂದ್ರು. ಪಾತ್ರೇಲಿ ಸ್ಟೀಲ್ ಚಮಚ. ಕೇಬಲ್ ತುದೀಲಿದ್ದ ಸ್ಕ್ರೂ ತಲೆ ದೊಡ್ಡದು, ಅದರ ಸೀಳೂ ಅಗಲ. ಚಮಚದ ಹಿಡಿ ಅದಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ನಾನು ಚಮಚ ಕಿತ್ಕೊಂಡೆ. ಇದನ್ನ ಪೂಜೆಗೆ ಇಟ್ಟಿದೀರಾ ಭಟ್ರೇ ಅಂತ ಕೇಳ್ದೆ. ಇಲ್ಲ, ಅದು ಆಯುಧ ಅಲ್ಲ, ಕ್ಯಾಂಟೀನ್‌ದು ಅಂದ್ರು ಪಾಪ, ಏನು ಅಂತ ತಿಳೀದೆ. ಅಷ್ಟು ಸಾಕಾಗಿತ್ತು. ಸೆರಗಿಗೆ ಒರೆಸಿ ತಿರುಗಿಸಿದೆ, ಸ್ಕ್ರೂ ಎಲ್ಲಾ ಬಿಚ್ಕೊಂಡು ಎರಡನೇ ಕೇಬಲ್ ಈಚೆಗೆ ಬಂತು.

ಈಗ ಇನ್ನೊಂದು ತೊಡಕು. ಹಳೇ ಕೇಬಲ್ ಮುಟ್ಟೋದು ಬೀರು ಪೂರ್ತಿ ಮೂಲೆಗೆ ಹೋದ್ಮೇಲೇ. ಅಲ್ಲಿ ಎಡಗಡೆ ಗೋಡೆ, ಬಲಗಡೆ ತಣ್ಣನೆ ಗಾಳಿ ಬಿಡೋ ದೊಡ್ಡ ಪೆಟ್ಟಿಗೆ. ಹಿಂದೆ ಇರೋದು ಗೇಣಿಗಿಂತ ಚೂರು ಜಾಸ್ತಿ ಸಂದು. ಯಾರೋ ಒಬ್ರು ಮೊದಲೇ ಆ ಸಂದಲ್ಲಿ ನಿಂತಿರ್ಬೇಕು, ಬೀರು ತಳ್ಳಿದ ಮೇಲೆ ಕೇಬಲ್ ಸಿಕ್ಕಿಸಿ ಸ್ಕ್ರೂ ಬಿಗೀಬೇಕು. ಶ್ರೀಕಂಠಯ್ಯನವರು ತಮ್ಮ ಹೊಟ್ಟೆ ನೋಡ್ಕೊಂಡ್ರು. ಭಟ್ಟರು ತಮ್ಮದು ನೋಡ್ಕೊಂಡ್ರು. ನಾನು ಆಗ ಊದುಬತ್ತಿ ಥರ ಇದ್ದೆ, ಈಗ ನೋಡಿದ್ರೆ ನಂಬಲ್ಲ ನೀವು. ಸೀರೆ ಎತ್ತಿ ಸಿಕ್ಕಿಸ್ಕೊಂಡು ಒಳಗೆ ನಿಂತೆ. ತಳ್ಳಿ ಅಂದೆ. ಭಟ್ಟರೂ ಮಿಸ್ಸೂ ಹಮಾಲರ ಜೊತೆ ಸೇರಿ ತಳ್ಳಿದ್ರು. ಬೆಳಕು ಹೋಯ್ತು. ಬೆನ್ನಿಗೆ ಗೋಡೆ, ಮೂಗಿಗೆ ಬೀರು. ತಡಕಾಡಿ ಕೇಬಲ್ ಹಿಡಿದು ಒತ್ತಿದೆ, ಕಟಕ್ ಅಂತು. ಚಮಚದಲ್ಲೇ ಸ್ಕ್ರೂ ಬಿಗಿದೆ. ಆಯ್ತು ಸಾರ್ ಅಂತ ಕೂಗಿದೆ.

ಚಕ್ರ ತಿರುಗಿದ ಸದ್ದು ನನ್ನ ಮೂಗಿನ ಮುಂದೇ ಕೇಳಿಸ್ತು. ನಿಲ್ಲಲಿಲ್ಲ, ಹಿಂದಕ್ಕೆ ಬರಲಿಲ್ಲ. ಒಂದೇ ಓಟ. ಪ್ರಿಂಟರು ಬಡ್ಕೊಳ್ಳೋಕೆ ಶುರು ಮಾಡ್ತು. ಹುಡುಗೀರು ಚಪ್ಪಾಳೆ ಹೊಡೆದಿದ್ದೂ ಕೇಳ್ತು. ನಾನು ಒಳಗೇ ಕುಣಿಯೋಣ ಅಂದ್ರೆ ಮೊಣಕಾಲು ಬಗ್ಗಿಸೋಕೂ ಜಾಗ ಇರ್ಲಿಲ್ಲ.

ನನ್ನ ತೆಗೀರಿ ಅನ್ನೋ ಅಷ್ಟರಲ್ಲಿ ಬಾಗಿಲ ಹತ್ರ ಗುಡ್ ಮಾರ್ನಿಂಗ್ ಸಾರ್, ಗುಡ್ ಮಾರ್ನಿಂಗ್ ಸಾರ್. ಡೆಲ್ಲಿ ಸಾಹೇಬರು ಬಂದೇಬಿಟ್ಟಿದ್ರು. ನನ್ನನ್ನ ತೆಗೀಬೇಕಂದ್ರೆ ಬೀರು ಎಳೀಬೇಕು, ಬೀರು ಎಳೆದ್ರೆ ಕೇಬಲ್ ಕಳಚುತ್ತೆ, ಕೇಬಲ್ ಕಳಚಿದ್ರೆ ಮಷೀನ್ ನಿಲ್ಲುತ್ತೆ. ಶ್ರೀಕಂಠಯ್ಯನವರು ಬೀರು ಪಕ್ಕ ಬಂದು, ತುಟಿ ಅಲ್ಲಾಡಿಸದೆ, ಉಸಿರು ಬಿಡಬೇಡಮ್ಮ ಅಂದ್ರು.

ಸಾಹೇಬರು ಪ್ರಿಂಟರ್ ಮುಂದೆ ನಿಂತು ಕಾಗದ ಬರೋ ವೇಗ ನೋಡಿ ಗುಡ್ ಗುಡ್ ಅಂದ್ರು. ಒಂದಾದ ಮೇಲೊಂದು ಪ್ರಶ್ನೆ ಕೇಳಿದ್ರು, ಶ್ರೀಕಂಠಯ್ಯನವರು ಬೀರು ಪಕ್ಕ ಬಿಟ್ಟು ಕದಲದೆ ಉತ್ತರ ಕೊಟ್ರು. ಆಮೇಲೆ ಭಟ್ಟರು ಮಂಗಳಾರತಿ ಶುರು ಮಾಡಿದ್ರು. ಗಂಟೆ, ಕರ್ಪೂರ. ಆ ಹೊಗೆ ಗಾಳಿ ಪೆಟ್ಟಿಗೆ ಎಳ್ಕೊಂಡು ನೇರ ನನ್ನ ಮೂಗಿಗೆ ತಂದು ಬಿಡ್ತು. ಸೆರಗಲ್ಲಿ ಬೆಳಗಿನ ಕುಂಕುಮ ಬೇರೆ ಇತ್ತು. ಮೂಗು ಹಿಡ್ಕೊಳ್ಳೋಕೆ ಕೈ ಮೇಲೆ ಬರಲ್ಲ. ಸೀನಿಬಿಟ್ಟೆ.

ಗಂಟೆ ನಿಂತ್ಹೋಯ್ತು. ಮಂಗಳಾರತಿ ಹೊತ್ತಲ್ಲಿ ಒಂಟಿ ಸೀನು. ಅದೂ ದೇವರ ಸ್ಥಾನದಿಂದಲೇ. ಹೊರಗೆ ಭಟ್ಟರ ಮುಖ ಹೆಂಗಾಗಿರ್ಬಹುದು ಅಂತ ಕಾಣದೇ ಇದ್ರೂ ಗೊತ್ತಾಯ್ತು. ಅಪಶಕುನ ನನ್ನ ತಲೆಗೆ ಬರೋದು ಬೇಡ ಅಂತ, ಬರದೇ ಇದ್ರೂ ಎಳೆದು ಇನ್ನೊಂದು ಸೀನು ಸೀನಿದೆ. ಜೋಡಿ ಆಯ್ತಲ್ಲ, ದೋಷ ಇಲ್ಲ. ಹೊರಗೆ ಗಂಟೆ ಮತ್ತೆ ಶುರುವಾಯ್ತು.

ಸಾಹೇಬರು ಬಿಡ್ತಾರಾ. ಬೂಟಿಲ್ಲದ ಕಾಲಲ್ಲಿ ಬೀರು ಹತ್ರ ಬಂದು, ಬೀರುಗೂ ಗಾಳಿ ಪೆಟ್ಟಿಗೆಗೂ ಮಧ್ಯ ಇದ್ದ ಅಂಗೈಯಗಲ ಸಂದಲ್ಲಿ ಬಗ್ಗಿ ನೋಡಿದ್ರು. ನಾನು ಚಮಚ ಹಿಡಿದ ಕೈಯಲ್ಲೇ ಆದಷ್ಟು ನಮಸ್ಕಾರ ಮಾಡಿದೆ. ಯಾರಿದು ಅಂತ ಕೇಳಿದ್ರು. ಶ್ರೀಕಂಠಯ್ಯನವರಿಗೆ ಸುಳ್ಳು ಹೇಳೋಕೂ ಬರ್ತಿರ್ಲಿಲ್ಲ. ಪ್ರದಕ್ಷಿಣೆ, ಕೇಬಲ್ಲು, ತೊಟ್ಟಿಲು, ಚಮಚ, ಎಲ್ಲಾ ಒಂದೇ ಉಸಿರಲ್ಲಿ ಒಪ್ಪಿಸಿದ್ರು. ಮುಗೀತು, ದೊಡ್ಡಬಳ್ಳಾಪುರವೇ ಗತಿ ಅಂದ್ಕೊಂಡೆ.

ಸಾಹೇಬರು ಜೋರಾಗಿ ನಕ್ಕುಬಿಟ್ರು. ಕೇಬಲ್ ಉದ್ದ ಆಗಿ ಕೆಟ್ಟಿದ್ದನ್ನ ಎಷ್ಟು ಹೊತ್ತಲ್ಲಿ ಕಂಡುಹಿಡಿದ್ರಿ ಅಂತ ಕೇಳಿದ್ರು. ಈಗ ಬೆಳಗ್ಗೆನೇ ಸಾರ್ ಅಂದ್ರು ಶ್ರೀಕಂಠಯ್ಯನವರು. ಯಾವುದೋ ಊರಲ್ಲಿ ಇದೇ ತೊಂದರೆಗೆ ಫಾರಿನ್ನಿಂದ ಮನುಷ್ಯನ್ನ ಕರೆಸಿ ವಾರಗಟ್ಟಲೆ ಕೂತಿದ್ರು ಅಂತ ಸಾಹೇಬರು ಹಿಂದೀಲಿ ಹೇಳಿದ್ರು. ಆಮೇಲೆ ನನ್ನ ಕಡೆ ಬಗ್ಗಿ, ಇಲ್ಲಿಂದ ಮಷೀನ್ ಕಿತ್ಕೊಂಡು ಹೋಗೋದು ಕಷ್ಟ, ಹುಡುಗೀನೂ ಜೊತೇಲೇ ಪ್ಯಾಕ್ ಮಾಡ್ಬೇಕಾಗುತ್ತೆ ಅಂದ್ರು.

ಪ್ರದಕ್ಷಿಣೆ ಮಾತ್ರ ಉಳಿದಿತ್ತು. ಭಟ್ಟರು ಗಂಟಲು ಸರಿ ಮಾಡ್ಕೊಂಡು, ಜಾಗ ಇಲ್ಲದ ಕಡೆ ಆತ್ಮಪ್ರದಕ್ಷಿಣೆ ಮಾಡಬಹುದು, ನಿಂತಲ್ಲೇ ಸುತ್ತಿ ಅಂದ್ರು. ಇದು ಮೊದಲೇ ನೆನಪಾಗಿದ್ರೆ ಏನು ಕಮ್ಮಿ ಆಗ್ತಿತ್ತೋ. ಡೆಲ್ಲಿ ಸಾಹೇಬರು ಕೈ ಮುಗಿದು ನಿಂತಲ್ಲೇ ಸುತ್ತಿದ್ರು, ಟೈ ಅವರ ಹಿಂದೆ ಸುತ್ತಿತು. ಶ್ರೀಕಂಠಯ್ಯನವರು, ಮಿಸ್ಸು, ಹಮಾಲರು, ಹುಡುಗೀರು ಎಲ್ಲಾ ಸುತ್ತಿದ್ರು. ಆ ಅಂಗೈಯಗಲ ಸಂದಿಂದ ಕತ್ತು ತಿರುಗಿಸಿ ನೋಡ್ತಿದ್ದ ನನಗೆ ಇಡೀ ಹಾಲು ಬುಗುರಿ ಆಡ್ತಿರೋ ಹಾಗೆ ಕಾಣಿಸ್ತು. ಅವರೆಲ್ಲ ಊಟಕ್ಕೆ ಹೋದ್ಮೇಲೆ ನನ್ನನ್ನ ಹೊರಗೆ ಎಳೆದ್ರು. ಬೆನ್ನ ಮೇಲೆ ಗೋಡೆ ಸುಣ್ಣ, ಮುಡಿದಿದ್ದ ಹೂವೆಲ್ಲ ಚಟ್ನಿ. ಮಿಸ್ ನನ್ನ ಕೆನ್ನೆ ಹಿಂಡಿ ಕೊಂಕಣೀಲಿ ಏನೋ ಅಂದ್ರು. ಅದು ಬೈಗುಳ ಅಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಡೆಲ್ಲಿಯಿಂದ ಆರ್ಡರ್ ಬಂತು, ಮಷೀನ್ ಇಲ್ಲೇ ಇರುತ್ತೆ, ಹುಡುಗೀರನ್ನ ಪರ್ಮನೆಂಟ್ ಮಾಡಿ ಅಂತ. ಅಪ್ಪನಿಗೆ ಹೇಳ್ದಾಗ ಕಣ್ಣಲ್ಲಿ ನೀರು ಹಾಕ್ಕೊಂಡು, ‘ಅಂಗಾರೆ ಆ ಗಂಡಿಗೆ ಬ್ಯಾಡ ಅಂತ ಏಳ್ಬುಡಾನ ಅಮ್ಮಣ್ಣಿ’ ಅಂದ್ರು. ಆ ಕಾರ್ಖಾನೇಲೇ ರಿಟೈರ್ ಆದೆ ನಾನು. ಈಗಲೂ ಯಾವುದಾದ್ರೂ ಕೇಬಲ್ ಕಟಕ್ ಅಂತ ಕೂತ ಸದ್ದು ಕೇಳಿದ್ರೆ ನನ್ನ ಎದೆ ಇಪ್ಪತ್ತೆರಡರ ಹುಡುಗಿ ಥರ ಹಾರುತ್ತೆ.

ಆರ್ಡರ್ ಬಂದ ದಿನ ಕ್ಯಾಂಟೀನಿಗೆ ಓಡಿ ಹೋಗಿ ಭಟ್ಟರನ್ನ ಕೆಣಕಿದೆ. ನಿಮ್ಮ ಪ್ರದಕ್ಷಿಣೆ ದೆಸೆಯಿಂದ ನಮ್ಮೆಲ್ಲರ ಕೆಲಸ ಹೋಗೋದರಲ್ಲಿತ್ತು, ನಾನು ಒಳಗೆ ನಿಂತು ಕೇಳಿಸ್ಕೊಂಡೆ, ಮಂತ್ರದಲ್ಲೂ ಅರ್ಧ ನುಂಗಿದ್ರಿ ಅಂದೆ. ಭಟ್ಟರು ಉಪ್ಪಿಟ್ಟು ಕೈಯಾಡಿಸ್ತಾ ತಲೆ ಎತ್ತಲೇ ಇಲ್ಲ.

‘ಮೂವತ್ತು ವರ್ಷದಿಂದ ಆರತಿ ಎತ್ತಿದೀನಿ ಕಣಮ್ಮ. ಒಳಗಿಂದ ಎದ್ದು ಬಂದು ತಪ್ಪು ಹಿಡಿದ ದೇವರು ನೀನೊಬ್ಬಳೇ.’